ಡಂಗುರ ಹೊಡೆಯುವ ಮುಂಚೆ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಈ ಗಾದೆಯನ್ನು ನಾವೆಲ್ಲ ಇನ್ನೊಬ್ಬರನ್ನು ನೋಡಿ ನಗಲಿಕ್ಕೆ ಬಳಸುತ್ತೇವೆ. ಹಗ್ಗ ಹಿಡಿದು ಕೊಟ್ಟಿಗೆ ಕಡೆ ಓಡುವವರು ನಾವೇ ಆಗಿದ್ದಾಗ ಮಾತ್ರ ಅದು ನೆನಪಿಗೆ ಬರುವುದಿಲ್ಲ. ಕಳೆದ ವರ್ಷ ಹಾಗೆ ಓಡಿದವರಲ್ಲಿ ನಾನೂ ಒಬ್ಬ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ಆದರೆ ನಮ್ಮ ಸಂಘದ ಸಭೆಯಲ್ಲಿ ಅದರ ಬಗ್ಗೆ ಎದ್ದ ವಾದ ಇನ್ನೂ ಮುಗಿದಿಲ್ಲ. ಸಭೆಯಲ್ಲಿ ನನಗೆ ಮಾತು ಬೇಗ ತೋಚುವುದಿಲ್ಲವಾದ್ದರಿಂದ ನನ್ನ ಪಾಲಿನ ವಾದವನ್ನು ಇಲ್ಲಿ ಬರೆದು ಒಪ್ಪಿಸುತ್ತಿದ್ದೇನೆ.

ನಾನು ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿ. ಎರಡನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕು. ನನಗೆ ಜೊತೆಯಾದವನು ವಿಜಾಪುರದ ಕಡೆಯವನು, ದಿನಾ ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುವವನು. ಮ್ಯಾಂಗನೀಸ್, ಸತು, ಕಬ್ಬಿಣ ಇವುಗಳ ಆಕ್ಸೈಡನ್ನು ಅರೆದು, ಒತ್ತಿ, ಕುಲುಮೆಯಲ್ಲಿ ಸುಟ್ಟು ನಾವಿಬ್ಬರೂ ಒಂದು ಕಪ್ಪು ಬಿಲ್ಲೆ ಮಾಡಿದ್ದೆವು. ಇಂಥ ವಸ್ತುವಿಗೆ ಫೆರೈಟ್ ಎನ್ನುತ್ತಾರೆ. ಹಳೆಯ ರೇಡಿಯೋ ಬಿಚ್ಚಿದರೆ ಒಳಗೆ ಕಾಣುವ ಕಪ್ಪು ಕಡ್ಡಿಯೂ ಇದೇ ಜಾತಿಯದು. ಬಿಸಿ ಮಾಡುತ್ತಾ ಹೋದರೆ ಒಂದು ಉಷ್ಣತೆಯಲ್ಲಿ ಇದರ ಕಾಂತಗುಣ ಬಿಟ್ಟುಹೋಗುತ್ತದೆ. ಅದಕ್ಕೆ ಕ್ಯೂರಿ ಬಿಂದು ಎಂದು ಹೆಸರು. ಅದೇ ಜಾಗದಲ್ಲಿ ವಿದ್ಯುತ್ ರೋಧದ ಗೆರೆಯೂ ಸ್ವಲ್ಪ ಬಾಗುವುದುಂಟು. ನಾವು ಹುಡುಕುತ್ತಿದ್ದುದು ಆ ಬಾಗನ್ನು.

ಸಿಕ್ಕಿತು! ಬಾಗೇನು, ಒಂದು ಮೆಟ್ಟಿಲೇ ಸಿಕ್ಕಿತು. 85 ಡಿಗ್ರಿಯ ಹತ್ತಿರ ರೋಧ ತಟ್ಟನೆ ಒಂದು ಹೆಜ್ಜೆ ಕೆಳಕ್ಕಿಳಿಯಿತು. ಬಿಲ್ಲೆಯನ್ನು ಆರಿಸಿ ಮತ್ತೆ ಕಾಯಿಸಿದೆವು, ಮತ್ತೆ ಅಲ್ಲೇ. ಮೂರು ದಿನ, ಮೂರು ಸಲ, ಮೂರೂ ಸಲ ಅಲ್ಲೇ. ಗೆಳೆಯ ಗ್ರಾಫ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, “ನೋಡಲೇ, ಎಷ್ಟು ಚಂದ ಬಂದೈತಿ. ಕಣ್ಣು ಮುಚ್ಚಿಕೊಂಡು ಪ್ರೈಜ್ ಕೊಡ್ತಾರ” ಅಂದ. ಅಂತರ ಕಾಲೇಜು ಸೆಮಿನಾರಿಗೆ ಸಾರಾಂಶ ಬರೆದು ಕಳಿಸಿಯೂ ಆಯಿತು. ಪುಣೆಗೆ ಹೋಗಲು ರೈಲು ಟಿಕೆಟ್ ತೆಗೆದದ್ದೂ ಆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆವು ಅನ್ನುತ್ತೀರಾ? ಇಲ್ಲ, ಕೂಸು ಕಣ್ಣಿಗೆ ಕಂಡಿತ್ತಲ್ಲ, ಮೂರು ಸಲ!

ಆ ಭಾನುವಾರ ಮನೆಯಲ್ಲಿ ಅಪ್ಪನಿಗೆ ಈ ಸಂಭ್ರಮ ವಿವರಿಸಿದೆ. ಅಪ್ಪ ಮಾಟುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಫೆರೈಟು, ಕ್ಯೂರಿ ಬಿಂದು ಅವರಿಗೇನೂ ಬೇಕಿರಲಿಲ್ಲ. ಎಲ್ಲ ಕೇಳಿಸಿಕೊಂಡು ಅವರದೇ ಒಂದು ಮಾತು ಹೇಳಿದರು: “ರಾತ್ರಿ ಲೆಕ್ಕ ಮಾಡುವಾಗ ದುಡ್ಡು ಕಮ್ಮಿ ಬಂತು ಅಂತಿಟ್ಟುಕೋ, ಎಲ್ಲರೂ ಮೂರು ಸಲ ಎಣಿಸ್ತಾರೆ. ಜಾಸ್ತಿ ಬಂದರೆ ಒಂದೇ ಸಲ ಎಣಿಸಿ ಪೆಟ್ಟಿಗೆ ಮುಚ್ತಾರೆ. ಜಾಸ್ತಿ ಬಂದಾಗಲೂ ಮೂರು ಸಲ ಎಣಿಸುವವನನ್ನೇ ಧಣಿಗಳು ಗಲ್ಲಾದಲ್ಲಿ ಕೂರಿಸೋದು.”

ನಾನು ನಕ್ಕೆ. “ನಾವೂ ಮೂರು ಸಲ ಮಾಡಿದ್ದೇವಪ್ಪಾ” ಅಂದೆ. “ಒಬ್ಬನೇ ಎಣಿಸಿದ್ದೋ, ಬೇರೆಯವರೂ ಎಣಿಸಿದ್ದೋ?” ಅಂದರು.

ಅಲ್ಲಿ ಸಿಕ್ಕಿಬಿದ್ದೆ. ಮೂರು ಸಲವೂ ಅದೇ ಬಿಲ್ಲೆ, ಅದೇ ತಂತಿ, ಅದೇ ಮೀಟರು. ಒಬ್ಬನೇ ಸಾಕ್ಷಿಯನ್ನು ಮೂರು ಸಲ ಕಟಕಟೆಗೆ ಹತ್ತಿಸಿದರೆ ಅವನು ಮೂರು ಸಲವೂ ಅದನ್ನೇ ಹೇಳುತ್ತಾನೆ. ಅದರಿಂದ ಸಾಕ್ಷಿಗಳು ಮೂವರಾಗುವುದಿಲ್ಲ.

ಸೋಮವಾರ ಕಾಲೇಜಿನಿಂದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ಥರ್ಮಿಸ್ಟರ್ ತಂದೆ. ಅದೂ ಬಿಸಿಯಾದಷ್ಟೂ ರೋಧ ಇಳಿಸಿಕೊಳ್ಳುವ ವಸ್ತುವೇ. ಆದರೆ ಅದಕ್ಕೂ ನಮ್ಮ ಬಿಲ್ಲೆಯ ಕ್ಯೂರಿ ಬಿಂದುವಿಗೂ ಯಾವ ನಂಟೂ ಇಲ್ಲ. ಬಿಲ್ಲೆ ತೆಗೆದು ಆ ಜಾಗದಲ್ಲಿ ಅದನ್ನು ಕೂರಿಸಿ ಕಾಯಿಸಿದೆ. ನಿಮಗೆ ಆಗಲೇ ಅಂದಾಜಾಗಿರಬೇಕು. ಮೆಟ್ಟಿಲು ಅಲ್ಲೂ ಬಂತು. ಆದರೆ 85ರಲ್ಲಿ ಅಲ್ಲ, 65ರ ಆಸುಪಾಸಿನಲ್ಲಿ. ಎರಡು ಗ್ರಾಫನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಉಷ್ಣತೆ ಬೇರೆ ಬೇರೆ, ರೋಧ ಮಾತ್ರ ಒಂದೇ. ಎರಡರಲ್ಲೂ 20 ಕಿಲೋ ಓಮಿನ ಹತ್ತಿರವೇ ಜಿಗಿತ. ನಮ್ಮ ಮೀಟರು ತಾನಾಗಿ ರೇಂಜ್ ಬದಲಿಸುವ ಜಾತಿಯದು. ಅದು ಒಂದು ರೇಂಜಿನಿಂದ ಇನ್ನೊಂದಕ್ಕೆ ಹಾರುವ ಜಾಗ ಅದೇ. ಹಳೆಯ ಮೀಟರು, ಎರಡು ರೇಂಜಿನ ಲೆಕ್ಕ ಒಂದಕ್ಕೊಂದು ಕೂಡುತ್ತಿರಲಿಲ್ಲ. ಮೂರು ದಿನ ನಾವು ಅಳೆದದ್ದು ಪ್ರಕೃತಿಯ ಗುಟ್ಟನ್ನಲ್ಲ, ಮೀಟರಿನ ಕುಂಟನ್ನು.

ಗೆಳೆಯನಿಗೆ ಹೇಳಿದಾಗ ಅವನ ಮುಖ ಕಪ್ಪಿಟ್ಟಿತು. “ನಿನ್ನ ಥರ್ಮಿಸ್ಟರ್ ನಿನ್ನ ಕಿಸೇದಾಗ ಇಟ್ಕೋ. ಜಡ್ಜ್ ಯಾವಾಂವ ಇದನ್ನ ಕೇಳಾಂವ ಇದ್ದ?” ಅಂದ. ಅವನು ಹೇಳಿದ್ದು ನಿಜ. ಯಾರೂ ಕೇಳುತ್ತಿರಲಿಲ್ಲ. ಆ ಸರ್ಟಿಫಿಕೇಟು ಅವನಿಗೆ ನನಗಿಂತ ಹೆಚ್ಚು ಬೇಕಾಗಿತ್ತು, ಮುಂದೆ ಪಿಎಚ್.ಡಿ.ಗೆ ಅರ್ಜಿ ಹಾಕುವವನು ಅವನು. ನಮ್ಮ ಮೇಡಂ ಎರಡೂ ಗ್ರಾಫ್ ನೋಡಿ, ಹಿಂತೆಗೆದುಕೊಳ್ಳುವುದು ಬಿಡುವುದು ನಿಮ್ಮಿಬ್ಬರ ನಿರ್ಧಾರ, ಆದರೆ ಆ ಗ್ರಾಫಿನ ಕೆಳಗೆ ನನ್ನ ಹೆಸರು ಮಾತ್ರ ಹಾಕಬೇಡಿ ಅಂದರು. ಹಿಂತೆಗೆದುಕೊಂಡೆವು. ಟಿಕೆಟಿನ ದುಡ್ಡು ಹೋಯಿತು. ಒಂದು ತಿಂಗಳು ಗೆಳೆಯನ ಮಾತೂ ಹೋಯಿತು.

ಇಷ್ಟು ಕಥೆ. ಇನ್ನು ವಾದ. ಸಂಘದಲ್ಲಿ ಬಿ.ಎ. ಓದುವ ಒಬ್ಬರು ಕೇಳಿದರು: “ಹುಡುಗರ ಸೆಮಿನಾರಿನಲ್ಲಿ ಒಂದು ಸುಳ್ಳು ಮೆಟ್ಟಿಲು ತೋರಿಸಿದ್ದರೆ ಆಕಾಶ ಕಳಚಿ ಬೀಳುತ್ತಿತ್ತೇ? ತಪ್ಪಿದ್ದರೆ ಮುಂದೆ ಯಾರೋ ತಿದ್ದುತ್ತಾರೆ. ವಿಜ್ಞಾನ ನಡೆಯುವುದೇ ಹಾಗಲ್ಲವೇ?” ತಿದ್ದುತ್ತಾರೆ, ನಿಜ. ಆದರೆ ಯಾರ ಖರ್ಚಿನಲ್ಲಿ? ಈ ಪತ್ರಿಕೆಯನ್ನೇ ನೋಡಿ. ಸ್ಟೆನ್ಸಿಲ್ ಕೊರೆಯುವಾಗ ಅಕ್ಷರ ತಪ್ಪಿದರೆ ಒಂದು ಹನಿ ಕೆಂಪು ದ್ರವ ಹಚ್ಚಿ ಅದರ ಮೇಲೆ ಕೊರೆಯಬಹುದು. ಪ್ರತಿಗಳು ಉರುಳಿ, ಕೈಯಿಂದ ಕೈಗೆ ಹೋದ ಮೇಲೆ ಪ್ರತಿಯೊಬ್ಬರ ಮನೆಗೆ ಆ ಶೀಶೆ ಹಿಡಿದು ಹೋಗಲು ಆಗುತ್ತದೆಯೇ?

ದೊಡ್ಡವರ ಕಥೆಯನ್ನೇ ತೆಗೆದುಕೊಳ್ಳೋಣ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಪತ್ರಕರ್ತರನ್ನು ಕರೆದು ಒಂದು ಸುದ್ದಿ ಕೊಟ್ಟರು. ಭಾರಜಲದ ಗಾಜಿನ ಪಾತ್ರೆಯಲ್ಲಿ ಪಲೇಡಿಯಮ್ ಕಡ್ಡಿ ಇಳಿಸಿ ವಿದ್ಯುತ್ ಹರಿಸಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬರುತ್ತದೆ, ಸೂರ್ಯನೊಳಗೆ ನಡೆಯುವಂಥ ಬೀಜ ಸಮ್ಮಿಲನ ಮೇಜಿನ ಮೇಲೇ ನಡೆಯುತ್ತಿದೆ, ಅಂತ. ಅವರ ಲೇಖನ ಆಗಿನ್ನೂ ಅಚ್ಚಾಗಿರಲಿಲ್ಲ. ಪಕ್ಕದ ಇನ್ನೊಂದು ವಿಶ್ವವಿದ್ಯಾಲಯದಲ್ಲೂ ಇಂಥದೇ ಕೆಲಸ ನಡೆಯುತ್ತಿದೆ ಎಂಬ ಅವಸರ ಬೇರೆ. ಲೋಕವೆಲ್ಲ ಕುಣಿಯಿತು. ಯೂಟಾ ಸರಕಾರ 50 ಲಕ್ಷ ಡಾಲರ್ ಮಂಜೂರು ಮಾಡಿತು. ಆಮೇಲೆ ಉಳಿದವರು ಕೇಳಿದ ಪ್ರಶ್ನೆ ತೀರ ಸಾದಾ: “ಭಾರಜಲದ ಬದಲು ಸಾಧಾರಣ ನೀರು ಹಾಕಿ ನೋಡಿದಿರಾ?” ಅಂದರೆ, ಬಿಲ್ಲೆ ತೆಗೆದು ಥರ್ಮಿಸ್ಟರ್ ಕೂರಿಸಿ ನೋಡಿದಿರಾ? ಅದಕ್ಕೆ ಸಮಾಧಾನವಾಗುವ ಉತ್ತರ ಬರಲಿಲ್ಲ. ಅಷ್ಟು ಶಾಖ ಸಮ್ಮಿಲನದಿಂದಲೇ ಬಂದಿದ್ದರೆ ಹೊರಡುವ ನ್ಯೂಟ್ರಾನುಗಳಿಗೆ ಆ ಕೋಣೆಯಲ್ಲಿದ್ದವರು ಬದುಕಿರುತ್ತಿರಲಿಲ್ಲ ಎಂದು ಭೌತಶಾಸ್ತ್ರದವರು ತೋರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ಸರಕಾರದ ಸಮಿತಿ, ನಂಬುವಂಥ ಪುರಾವೆ ಇಲ್ಲ ಎಂದು ವರದಿ ಕೊಟ್ಟಿತು. ಆ ದುಡ್ಡಿನಿಂದ ತೆರೆದ ಸಂಸ್ಥೆ 1991ರಲ್ಲಿ ಮುಚ್ಚಿತು.

ಈ ಗದ್ದಲದ ನಡುವೆ ನನಗೆ ಆಪ್ತವಾಗಿ ಕಂಡದ್ದು ಜಾರ್ಜಿಯಾ ಟೆಕ್‌ನವರ ಪ್ರಸಂಗ. ಏಪ್ರಿಲಿನಲ್ಲಿ ಅವರೂ, ನಮಗೂ ನ್ಯೂಟ್ರಾನು ಕಂಡವು, ಎಂದು ಸಾರಿದರು. ಕೆಲವೇ ದಿನಗಳಲ್ಲಿ, ನಮ್ಮ ನ್ಯೂಟ್ರಾನು ಎಣಿಸುವ ಯಂತ್ರ ಬಿಸಿ ತಗುಲಿದರೂ ಎಣಿಸುತ್ತದೆ, ನಾವು ಹೇಳಿದ್ದನ್ನು ಹಿಂತೆಗೆದುಕೊಂಡಿದ್ದೇವೆ, ಅಂದರು. ನಮ್ಮ ಮೀಟರಿನ ದೊಡ್ಡಣ್ಣನೇ ಸರಿ! ಅಷ್ಟು ಬೇಗ, ಅಷ್ಟು ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡದ್ದಕ್ಕೆ ಕೈ ಮುಗಿಯಬೇಕು. ಆದರೂ ಕೇಳಲೇಬೇಕು: ಯಂತ್ರದ ಪಕ್ಕ ಒಂದು ಲೋಟ ಬಿಸಿನೀರು ಇಟ್ಟು ನೋಡುವ ಕೆಲಸವನ್ನು ಸಾರುವ ಮುಂಚೆಯೇ ಮಾಡಬಹುದಿತ್ತಲ್ಲ?

ಇಲ್ಲೇ, ನಮ್ಮ ಹಾರ್ಬರ್ ಲೈನಿನ ಆಚೆ, ತ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲೂ 1989ರಲ್ಲಿ ಹಲವು ತಂಡಗಳು ಈ ಪ್ರಯೋಗ ಮಾಡಿ, ನ್ಯೂಟ್ರಾನು ಮತ್ತು ಟ್ರೀಷಿಯಮ್ ಕಂಡೆವು ಎಂದು ವರದಿ ಬರೆದವು. ಆ ವರದಿಯನ್ನು ಇಂದಿಗೂ ಎತ್ತಿ ಹಿಡಿಯುವವರಿದ್ದಾರೆ. ಆದರೆ ಬೇರೆಯವರು ಬೇರೆ ಕಡೆ, ಕೇಳಿದಾಗಲೆಲ್ಲ ಮಾಡಿ ತೋರಿಸಬಲ್ಲ ಪ್ರಯೋಗ ಅದಾಗಲಿಲ್ಲ. 2019ರಲ್ಲಿ ಗೂಗಲ್ ಕಂಪನಿಯ ಹಣದಿಂದ ಒಂದು ತಂಡ ಹೊಸ ಸಲಕರಣೆಗಳೊಡನೆ ಎಲ್ಲವನ್ನೂ ಮತ್ತೆ ಮಾಡಿ ನೋಡಿ, ಅಂಥ ಸಮ್ಮಿಲನದ ಸುಳಿವು ಸಿಗಲಿಲ್ಲ ಎಂದು ಬರೆಯಿತು. ತ್ರಾಂಬೆಯವರು ಅಪ್ರಾಮಾಣಿಕರು ಎಂದು ನಾನು ಅನ್ನುತ್ತಿಲ್ಲ. ಪ್ರಾಮಾಣಿಕತೆ ಒಂದೇ ಸಾಲದು ಅನ್ನುತ್ತಿದ್ದೇನೆ. ನಾವಿಬ್ಬರೂ ಪ್ರಾಮಾಣಿಕರೇ ಆಗಿದ್ದೆವು. ಒಂದು ರೀಡಿಂಗನ್ನೂ ಬೇಯಿಸಿರಲಿಲ್ಲ. ಆದರೂ ಸುಳ್ಳು ಹೇಳಲು ಪುಣೆಗೆ ಟಿಕೆಟ್ ತೆಗೆದಿದ್ದೆವು.

ರೋಗದ ಬೇರು ಅಪ್ಪ ಹೇಳಿದ ಕಡೆಯೇ ಇದೆ. ಬೇಡದ ಉತ್ತರ ಬಂದರೆ ಮೂರು ಸಲ ಎಣಿಸುತ್ತೇವೆ, ಬೇಕಾದದ್ದು ಬಂದರೆ ಪೆಟ್ಟಿಗೆ ಮುಚ್ಚುತ್ತೇವೆ. ಹೆತ್ತವರಿಗೆ ಹೆಗ್ಗಣ ಮುದ್ದು. ಇದಕ್ಕೊಂದು ಒಳ್ಳೆಯ ನಿದರ್ಶನವನ್ನು ರಿಚರ್ಡ್ ಫೈನ್‌ಮನ್ 1974ರಲ್ಲಿ ಕ್ಯಾಲ್ಟೆಕ್‌ನ ಪದವೀದಾನದ ಭಾಷಣದಲ್ಲಿ ಕೊಟ್ಟರು. ಎಣ್ಣೆಯ ಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಮಿಲಿಕನ್‌ರ ಅಂಕಿ ನಮಗೆಲ್ಲ ಗೊತ್ತು. ಗಾಳಿಯ ಸ್ನಿಗ್ಧತೆಯ ಅಂಕಿಯನ್ನು ಅವರು ಸ್ವಲ್ಪ ತಪ್ಪು ಹಿಡಿದಿದ್ದರು, ಹಾಗಾಗಿ ಉತ್ತರ ಸ್ವಲ್ಪ ಕಡಿಮೆ ಬಂದಿತ್ತು. ಆಮೇಲೆ ಅಳೆದವರೆಲ್ಲ ಒಂದೇ ಸಲ ಸರಿಯಾದ ಅಂಕಿಗೆ ಬರಬೇಕಿತ್ತಲ್ಲ? ಬರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಚೂರು ಚೂರೇ ಮೇಲಕ್ಕೆ ಹೋದರು. ಯಾಕೆ? ಮಿಲಿಕನ್‌ಗಿಂತ ತುಂಬಾ ಹೆಚ್ಚು ಬಂದಾಗ, ಎಲ್ಲೋ ತಪ್ಪಾಗಿದೆ ಅಂತ ಹುಡುಕಿದರು, ಏನಾದರೊಂದು ತಪ್ಪು ಸಿಕ್ಕಿಯೇ ಸಿಗುತ್ತಿತ್ತು. ಹತ್ತಿರ ಬಂದಾಗ ಅಷ್ಟಾಗಿ ಹುಡುಕಲಿಲ್ಲ. ಯಾರೂ ಸುಳ್ಳು ಬರೆಯಲಿಲ್ಲ. ಎಲ್ಲರೂ ಸೇರಿ ಸತ್ಯವನ್ನು ತಡಮಾಡಿದರು.

ನಾವು ಲ್ಯಾಬಿನಲ್ಲಿ ಮಾಡುವುದೂ ಇದನ್ನೇ. ಗುರುತ್ವದ ಅಂಕಿ 9.8ರ ಹತ್ತಿರ ಬರುವವರೆಗೆ ಲೋಲಕ ತೂಗುತ್ತೇವೆ. ಬಂದ ಕೂಡಲೆ ಸರ್ ಸಹಿಗೆ ಓಡುತ್ತೇವೆ.

ಇಲ್ಲಿ ಒಂದು ಎದುರು ಮಾತು ಬರುತ್ತದೆ, ಅದು ನ್ಯಾಯವಾದದ್ದೇ. ಪರೀಕ್ಷಿಸುತ್ತಲೇ ಕೂತರೆ ಹೇಳುವುದು ಯಾವಾಗ? ಎಷ್ಟು ಪರೀಕ್ಷಿಸಿದರೂ ತಪ್ಪು ನುಸುಳುವುದಿಲ್ಲವೇ? ನುಸುಳುತ್ತದೆ. 2011ರ ಸೆಪ್ಟೆಂಬರಿನಲ್ಲಿ ಒಪೇರಾ ಎಂಬ ತಂಡ, ಜಿನೀವಾದ ಸೆರ್ನ್‌ನಿಂದ ಇಟಲಿಯ ಗ್ರಾನ್ ಸಾಸೋಗೆ ನೆಲದೊಳಗೆ 730 ಕಿಲೋಮೀಟರ್ ದಾಟಿದ ನ್ಯೂಟ್ರಿನೋಗಳು ಬೆಳಕಿಗಿಂತ 60 ನ್ಯಾನೋ ಸೆಕೆಂಡು ಮುಂಚೆ ಬಂದಿವೆ ಎಂದು ಹೇಳಿತು. ಐನ್‌ಸ್ಟೈನ್‌ಗೇ ಸವಾಲು! ಅವರು ಹದಿನೈದು ಸಾವಿರಕ್ಕೂ ಮೀರಿ ನ್ಯೂಟ್ರಿನೋಗಳ ಲೆಕ್ಕ ಹಾಕಿದ್ದರು, ತಿಂಗಳುಗಟ್ಟಲೆ ತಪ್ಪು ಹುಡುಕಿದ್ದರು. ಹೇಳುವಾಗಲೂ, ಬೆಳಕನ್ನು ಸೋಲಿಸಿದೆವು ಎಂದು ಹೇಳಲಿಲ್ಲ. ನಮಗೆ ಅರ್ಥವಾಗದ ಅಂಕಿ ಬಂದಿದೆ, ನೀವೂ ಪರೀಕ್ಷಿಸಿ, ಅಂದರು. ಹಾಗಿದ್ದೂ ತಂಡದ ಕೆಲವರು, ಇನ್ನೂ ನೋಡಬೇಕಿತ್ತು ಎಂದು ಸಹಿ ಹಾಕದೆ ಉಳಿದರು. 2012ರ ಫೆಬ್ರವರಿಯಲ್ಲಿ ತಪ್ಪು ಸಿಕ್ಕಿತು. ಗಡಿಯಾರಕ್ಕೆ ಉಪಗ್ರಹದ ಸಮಯ ತರುತ್ತಿದ್ದ ಗಾಜಿನೆಳೆಯ ಕೇಬಲ್ಲು ಪೂರ್ತಿ ಬಿಗಿಯಾಗಿರಲಿಲ್ಲ. ಮಾರ್ಚ್ ತಿಂಗಳ ಕೊನೆಯಲ್ಲಿ ತಂಡದ ಮುಖಂಡರು ತಮ್ಮ ಸ್ಥಾನ ಬಿಟ್ಟರು.

ಯೂಟಾದವರೂ ತಪ್ಪಿದರು, ಇವರೂ ತಪ್ಪಿದರು. ಆದರೆ ಎರಡು ತಪ್ಪೂ ಒಂದೇ ಅಲ್ಲ. ಇವರು ತಮ್ಮ ಸಂಶಯವನ್ನು ಸುದ್ದಿಯ ಜೊತೆಗೇ ಕಟ್ಟಿ ಕಳಿಸಿದ್ದರಿಂದ ಆರು ತಿಂಗಳೊಳಗೆ ಎಲ್ಲ ಬಗೆಹರಿಯಿತು. ನಾನು ಕೇಳುವುದೂ ಇಷ್ಟೇ. ಎಂದೆಂದಿಗೂ ಬಾಯಿ ಕಟ್ಟಿ ಕೂರಿ ಅನ್ನುವುದಿಲ್ಲ. ಹೊರಗೆ ಹೇಳುವ ಮುಂಚೆ, ನಿಮ್ಮ ಫಲಿತಾಂಶವನ್ನು ಹಾಳು ಮಾಡಲು ನೀವೇ ಒಂದು ಪ್ರಾಮಾಣಿಕ ಪ್ರಯತ್ನ ಮಾಡಿ. ಮುಖ್ಯ ವಸ್ತುವನ್ನೇ ತೆಗೆದಿಟ್ಟು ನೋಡಿ, ಆಗಲೂ ಉತ್ತರ ಬಂದರೆ ಅದು ವಸ್ತುವಿನದಲ್ಲ. ಮೀಟರು ಬದಲಿಸಿ. ಉತ್ತರ ಏನು ಬರಬೇಕೆಂದು ಗೊತ್ತಿಲ್ಲದ ಒಬ್ಬನ ಕೈಗೆ ಕೆಲಸ ಕೊಡಿ. ಇಷ್ಟಾದ ಮೇಲೂ ಉಳಿದರೆ ಧೈರ್ಯವಾಗಿ ಹೇಳಿ, ಏನೇನು ನೋಡಿಲ್ಲ ಎಂಬುದನ್ನೂ ಸೇರಿಸಿ ಹೇಳಿ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಯಾವ ಲ್ಯಾಬನ್ನೂ ಕಂಡಲ್ಲ.

ಸಾಹಿತ್ಯದ ಮಿತ್ರರು, ಇದು ಸೈನ್ಸಿನವರ ಪಾಡು ಅಂದುಕೊಂಡು ಪುಟ ಮಗುಚಬೇಡಿ. ಹಲ್ಮಿಡಿ ಶಾಸನದ ಕಾಲವೇನು ಎಂದು ನಮ್ಮ ಸಂಘದ ರಸಪ್ರಶ್ನೆಯಲ್ಲಿ ಕೇಳಿದಾಗ ಎಲ್ಲರೂ ಒಂದೇ ಉಸಿರಿಗೆ “ಕ್ರಿ.ಶ. 450” ಅಂದೆವು, ಅಂಕವೂ ಸಿಕ್ಕಿತು. ಬೇಲೂರು ತಾಲ್ಲೂಕಿನ ಆ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಎಂ. ಎಚ್. ಕೃಷ್ಣ. ಆ ಕಲ್ಲಿನ ಮೇಲೆ ಕಾಲ ಕೊರೆದಿಲ್ಲ. ಅಕ್ಷರದ ರೂಪ, ಭಾಷೆ, ಅದರಲ್ಲಿ ಬರುವ ಹೆಸರುಗಳು, ಇವನ್ನು ತೂಗಿ ನೋಡಿ ವಿದ್ವಾಂಸರು ಹಾಕಿದ ಅಂದಾಜು ಅದು. ಹಾಗಾಗಿಯೇ ಅವರು “ಸುಮಾರು” ಎಂದು ಬರೆಯುತ್ತಾರೆ. ಅದರ ಬಗ್ಗೆ ವಾದಗಳೂ ಇವೆ. ಆ “ಸುಮಾರು” ಎಂಬ ಮಾತು ಗ್ರಂಥದಿಂದ ಗೈಡಿಗೆ ಬರುವಾಗ ಒಂದು ಕಡೆ, ಗೈಡಿನಿಂದ ನಮ್ಮ ಬಾಯಿಗೆ ಬರುವಾಗ ಇನ್ನೊಂದು ಕಡೆ ಉದುರಿಹೋಯಿತು. ಯಾರೂ ಸುಳ್ಳು ಹೇಳಲಿಲ್ಲ. ಮೂರಕ್ಷರ ಕಳೆದುಕೊಂಡೆವು, ಅಷ್ಟೇ. ನನ್ನ ಗ್ರಾಫಿನಲ್ಲೂ ಕಳೆದುಹೋಗಿದ್ದು ಅಂಥದೇ ಮೂರಕ್ಷರ.

ಊರು ಬಿಟ್ಟು ಬಂದ ನಮಗೆ ಈ ಎಚ್ಚರ ಒಂದು ಪಟ್ಟು ಹೆಚ್ಚೇ ಬೇಕು. 2018ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ಚಿನ್ನ ಬೆಳ್ಳಿಯ ಅತಿಸೂಕ್ಷ್ಮ ಕಣಗಳಲ್ಲಿ ಸಾಧಾರಣ ಒತ್ತಡದಲ್ಲೇ, ಹೆಚ್ಚು ಶೀತವೂ ಬೇಡದೆ, ಅತಿವಾಹಕತೆ ಕಂಡಿದೆ ಎಂಬ ಸುದ್ದಿ ಬಂತು. ನಾನಾಗ ಶಾಲೆಯ ಹುಡುಗ. ನಮ್ಮ ಚಾಳಿನಲ್ಲಿ, ನೋಬೆಲ್ ನಮ್ಮವರಿಗೇ, ಎಂದು ಮಾತಾಡಿಕೊಂಡದ್ದು ನೆನಪಿದೆ. ಮುಂದಿನ ತಿಂಗಳೇ ಅಮೆರಿಕದ ಒಬ್ಬ ಸಂಶೋಧಕರು, ಬೇರೆ ಬೇರೆಯಾಗಿ ಅಳೆದ ಎರಡು ಗೆರೆಗಳಲ್ಲಿನ ಸಣ್ಣ ನಡುಕ ಒಂದೇ ತೆರನಾಗಿದೆ, ಹಾಗಿರುವುದು ಹೇಗೆ, ಎಂದು ಕೇಳಿದರು. ತಂಡ ಆಮೇಲೆ ಇನ್ನಷ್ಟು ವಿವರ ಹೊರತಂದಿತು. ಆದರೂ ಆ ಮಾತು ಪಠ್ಯಪುಸ್ತಕ ಸೇರಲಿಲ್ಲ. ನನ್ನ ದೂರು ಆ ಸಂಶೋಧಕರ ಮೇಲಲ್ಲ, ಚಾಳಿನ ನಮ್ಮ ಮೇಲೆ. ಆ ಗ್ರಾಫಿನ ನಡುಕವನ್ನು ನಾವು ಯಾರೂ ನೋಡಲಿಲ್ಲ, ಊರಿನ ಹೆಸರು ನೋಡಿದೆವು. ನಮ್ಮೂರು, ನಮ್ಮ ಭಾಷೆ, ನಮ್ಮ ಕಾಲೇಜು ಎಂದ ಕೂಡಲೆ ನಮಗೆ ದುಡ್ಡು ಜಾಸ್ತಿ ಬಂದಂತೆ, ಪೆಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ನಮ್ಮ ಪ್ರಾಜೆಕ್ಟು ಏನಾಯಿತು ಎಂದು ಕೇಳುತ್ತೀರಿ. ಮೀಟರನ್ನು ಒಂದೇ ರೇಂಜಿಗೆ ಕಟ್ಟಿಹಾಕಿ ಎಲ್ಲವನ್ನೂ ಮೊದಲಿಂದ ಅಳೆದೆವು. ಮೆಟ್ಟಿಲು ಮಾಯ. ಬಾಗು ಇದೆಯೋ ಇಲ್ಲವೋ ಹೇಳುವಷ್ಟು ನಮ್ಮ ಅಳತೆ ಸೂಕ್ಷ್ಮವಾಗಿಲ್ಲ ಎಂದೇ ವರದಿಯಲ್ಲಿ ಬರೆದೆವು. ಅಂಕ ಸಾಧಾರಣ ಬಂತು. ಗೆಳೆಯ ಆ ತಿಂಗಳೆಲ್ಲ ಮೀಟರಿನ ಅಂಕಿಗಳನ್ನು ಬಿಟ್ಟರೆ ನನ್ನೊಡನೆ ಬೇರೊಂದು ಮಾತಾಡಲಿಲ್ಲ. ಅವನ ಸಿಟ್ಟು ಅನ್ಯಾಯದ್ದು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಕಳೆದುಕೊಂಡದ್ದು ಅವನೇ ಹೆಚ್ಚು.

ಮೊನ್ನೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದೆ. ಅವನು ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಿ, “ದೋಸ್ತ, ಆ ಥರ್ಮಿಸ್ಟರ್ ಎಲ್ಲಿಟ್ಟೀಯೋ?” ಅಂದ.

“ಯಾಕೆ ಮಾರಾಯ?”

“ಜೂನಿಯರ್ ಹುಡುಗೂರಿಗೆ ಒಂದು ಮೆಟ್ಟಿಲು ಸಿಕ್ಕೈತಂತ. ಭಾಳ ಖುಷಿಯಾಗ್ಯಾರ. ಲಗೂನ ಹುಡುಕಿ ಕೊಡು.”